ಬೆಟ್ಟದವ್ವನ ಬಳ್ಳಿ

ಬೆಟ್ಟದ ನೆತ್ತಿಯಲ್ಲಿ ದೇವತೆ ಬೆಟ್ಟದವ್ವನ ಕಲ್ಲು. ಕಲ್ಲಿನ ಪಕ್ಕ ಕೇತಜ್ಜಿಯ ಗುಡಿಸಲು. ಯಾರಿಗಾದರೂ ಕಾಯಿಲೆಯಾದರೆ ಅಜ್ಜಿ ಅಲ್ಲೇ ಬೆಳೆಯುವ ಒಂದು ಬಳ್ಳಿಯ ರಸ ಕುಡಿದು ಕಣ್ಣು ಮುಚ್ಚುತ್ತಿದ್ದಳು. ಆ ಮಂಪರಿನಲ್ಲೇ ಅವ್ವನ ಹತ್ತಿರ ಹೋಗಿ ಮದ್ದು ಕೇಳಿಕೊಂಡು ಬರುತ್ತಿದ್ದಳು.

ಜಡೆಯ ಎಂಬ ಶಿಷ್ಯ ಏಳು ವರ್ಷ ಆ ಬಳ್ಳಿ ಜಜ್ಜಿದ. ಅಂಗೈ ಹಸಿರಾಯಿತು. ನಾಲಗೆಗೆ ಮಾತ್ರ ಒಂದು ತೊಟ್ಟೂ ಬೀಳಲಿಲ್ಲ, ಪಾಪ.

"ಅಜ್ಜಿ, ಈ ಅವ್ವ ಮೊದಲು ಯಾರು?"

"ನಮ್ಮಂಥ ಒಬ್ಬ ಹೆಂಗಸು."

"ದೇವರು ಹೇಗಾದಳು?"

"ಬಳ್ಳಿ ಕುಡಿದಳು."

"ಹಾಗಾದರೆ ದೇವರು ಇರೋದು ಬಳ್ಳಿಯಲ್ಲೇ! ನನಗೂ ಕೊಡು."

ಅಜ್ಜಿ ಬೇಲಿಯ ಕಡೆ ಕೈ ತೋರಿದಳು. ಆಡೊಂದು ಅದೇ ಬಳ್ಳಿ ಮೇಯ್ದು ಕುಣಿಯುತ್ತಿತ್ತು.

"ಅದೂ ದಿನಾ ತಿನ್ನುತ್ತೆ. ಹೋಗಿ ಅದಕ್ಕೆ ಅಡ್ಡಬೀಳು."

ಜಡೆಯನಿಗೆ ರೇಗಿತು. "ಕೊಡೋವರೆಗೂ ಊಟ ಮುಟ್ಟಲ್ಲ," ಅಂದ. ಮೂರು ದಿನ ಮುಟ್ಟಲೂ ಇಲ್ಲ.

ನಾಲ್ಕನೆಯ ದಿನ ಮಸಣಿ ಎಂಬ ಹೆಂಗಸು ಬೆಟ್ಟ ಹತ್ತಿ ಬಂದಳು. ಸೆರಗಿನಲ್ಲಿ ಜ್ವರದ ಕೂಸು.

"ಹಾಲು ಕುಡಿದು ಎರಡು ದಿನ ಆಯ್ತು, ಅಜ್ಜಿ. ನನಗಿರೋದು ಇದೊಂದೇ."

ಅಜ್ಜಿ ರಸದ ಬಟ್ಟಲನ್ನು ಜಡೆಯನ ಕೈಗಿಟ್ಟಳು. "ಇವತ್ತು ನೀನು ಹೋಗು. ಕೂಸಿಗೆ ಯಾವ ಮದ್ದು ಅಂತ ಕೇಳು. ಬೇಗ ಬಾ."

ಜಡೆಯ ಗಟಗಟ ಕುಡಿದ.

ಬೆಟ್ಟ ಬಾಗಿಲಿನಂತೆ ತೆರೆಯಿತು. ಒಳಗೆ ಬೆಳಕೋ ಬೆಳಕು. ಅವ್ವ ನಗುತ್ತಾ ನಿಂತಿದ್ದಳು. ಎಲ್ಲೋ ಕೆಳಗೆ ಕೂಸು ಅಳುವುದು ಕೇಳಿಸಿತು. ಇನ್ನೊಂದು ಗಳಿಗೆ ಇರೋಣ ಅಂದುಕೊಂಡ. ಆಮೇಲೆ ಮತ್ತೊಂದು ಗಳಿಗೆ.

ಕಣ್ಣು ಬಿಟ್ಟಾಗ ಹೊತ್ತು ಮುಳುಗುತ್ತಿತ್ತು. ಅಜ್ಜಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತನಗೆ ಗೊತ್ತಿದ್ದ ಕಷಾಯವನ್ನು ಅದರ ಬಾಯಿಗೆ ತೊಟ್ಟು ತೊಟ್ಟೇ ಬಿಡುತ್ತಿದ್ದಳು. ಕೂಸು ಬೆವರಿತ್ತು. ಜ್ವರ ಇಳಿಯುತ್ತಿತ್ತು.

"ಕಂಡೆ ಅಜ್ಜಿ! ಅವ್ವನನ್ನೇ ಕಂಡೆ! ಎಂಥ ಬೆಳಕು ಗೊತ್ತಾ!"

ಮಸಣಿ ಅವನ ಕಾಲು ಹಿಡಿದಳು. "ನನ್ನ ಕೂಸಿಗೆ ಏನಂದಳಪ್ಪಾ?"

ಜಡೆಯ ಕಾಲು ಹಿಂದಕ್ಕೆಳೆದುಕೊಂಡ. "ಕೇಳೋದು... ಮರೆತೆ."

ನಾಚಿಕೆಯಿಂದ ಕುಗ್ಗಿಹೋದ. ಆಮೇಲೆ ಎದ್ದು, ಅರೆಯುವ ಕಲ್ಲಿನ ಮುಂದೆ ಕೂತು ಬಳ್ಳಿ ಕೈಗೆತ್ತಿಕೊಂಡ.

"ಇನ್ನೂ ಏಳು ವರ್ಷ ಜಜ್ಜುತ್ತೇನೆ. ಬಿಡಲ್ಲ. ಒಂದೇ ಒಂದು ಹೇಳು, ಅಜ್ಜಿ. ಅವ್ವ ಕುಡಿದದ್ದೂ ಇದನ್ನೇ, ನಾನು ಕುಡಿದದ್ದೂ ಇದನ್ನೇ. ಅವಳೊಬ್ಬಳೇ ಹೇಗೆ ದೇವರಾದಳು?"

ಕೇತಜ್ಜಿ ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು.

"ಅವತ್ತು ಅವ್ವನ ಜೊತೆ ಕುಡಿದವರು ಬೇಕಾದಷ್ಟು ಜನ ಇದ್ದರು, ಮಗ. ಕೂಸು ಅಳೋದು ಕೇಳಿ ಇಳಿದು ಬಂದವಳು ಅವಳೊಬ್ಬಳೇ."