ಹೊಂಡದ ಮರಿಗೆ ಎರಡು ಹೊತ್ತು

ಉಂಡವರೂ ಕೇಳಿ, ಉಣ್ಣದವರು ಇನ್ನೂ ಹತ್ತಿರ ಬಂದು ಕೇಳಿ. ಬೆಸ್ತರ ಗಂಗವ್ವನಿಗೆ ಒಬ್ಬನೇ ಮಗ, ಸಿಂಗ. ಮೈ ಎತ್ತಿನದು, ಬುದ್ಧಿ ಒನಕೆಯದು. ಕೆರೆ ಪಕ್ಕದ ಹೊಂಡದಲ್ಲಿ ತಾಯಿ ಮಗ ಮೀನುಮರಿ ಸಾಕುತ್ತಿದ್ದರು. ಒಂದು ದಿನ ಪಟೇಲ ಬಂದು ಗದರಿದ: "ತಿಂಗಳಲ್ಲಿ ಮರಿ ದುಂಡಗಾಗಬೇಕು. ಆಗದಿದ್ರೆ ಕೆರೆ ನಿಮ್ಮದಲ್ಲ, ನಂದು!" ಕೆರೆ ತೋಡಿದ್ದು ಅವನಪ್ಪನಲ್ಲ. ಆದರೂ ಗದರಿದ.

ಗಂಗವ್ವ ಕೂಲಿಗೆ ಹೊರಟಳು. "ಸಿಂಗಾ, ವಾರಕ್ಕೆ ಏಳು ಹಿಡಿ ತೌಡು ಹಾಕೋ!"

ಸಿಂಗ ಏಳು ಹಿಡಿಯನ್ನೂ ಸೋಮವಾರವೇ ಸುರಿದು ಮಲಗಿದ. ಅರ್ಧ ತಿಂದವು, ಅರ್ಧ ಕೊಳೆಯಿತು. ಭಾನುವಾರ ಗಂಗವ್ವ ಬಂದು ನೋಡಿದರೆ ಮರಿಗಳಿಗೆ ತಲೆ ದಪ್ಪ, ಮೈ ಕಡ್ಡಿ!

"ಅಯ್ಯೋ ನನ್ನ ಹಣೆಬರಹವೇ! ಇದೇನೋ?"

"ಏಳು ಹಿಡಿ ಹಾಕಿದೆನಲ್ಲವ್ವಾ!"

"ಸೋಮವಾರ ಉಂಡದ್ದು ಶನಿವಾರಕ್ಕೆ ಬರುತ್ತೇನೋ? ಹಸಿದಾಗ ಹಾಕಬೇಕೋ!"

"ಆಗಲವ್ವಾ!"

ಸಿಂಗ ಹೊಂಡದ ದಡದಲ್ಲಿ ಕೂತ. "ಹಸೀತಾ?" ಅಂದ. ಮರಿಗಳು ಮಾತಾಡಲಿಲ್ಲ. ಮಾರನೇ ದಿನವೂ ಕೇಳಿದ. ಮೂರನೇ ದಿನವೂ ಕೇಳಿದ. ಕಡ್ಡಿ ದಾರವಾಯಿತು!

"ಬಾಯಿಬಿಟ್ಟು ಕೇಳಿದರಷ್ಟೇ ಹಸಿವೇನೋ ಪೆದ್ದೇ! ನೀನು ಉಂಡಾಗ ಅವಕ್ಕೂ ಹಾಕು!"

"ಆಗಲವ್ವಾ!"

ಆ ವಾರ ಮನೆಯಲ್ಲಿ ರಾಗಿ ತಳ ಕಂಡಿತ್ತು. ಒಂದು ದಿನ ಮುದ್ದೆ, ಎರಡು ದಿನ ಬರೀ ನೀರು.

"ತೌಡಿನ ಚೀಲ ಹಾಗೇ ಇದೆಯಲ್ಲೋ!"

"ನಾನೇ ಉಣ್ಣಲಿಲ್ಲವ್ವಾ!"

ಗಂಗವ್ವ ಖಾಲಿ ರಾಗಿ ಮಡಕೆಯ ಕಡೆ ನೋಡಿದಳು. ಆಮೇಲೆ ಬೈದಳು.

"ಕಡ್ಡಿಯಂಗಿರೋದನ್ನ ಹೊಂಡದಲ್ಲೇ ಇಡು. ದಿನಾ ಎರಡು ಹೊತ್ತು ಒಂದೊಂದು ಹಿಡಿ ಹಾಕು, ಹೊತ್ತು ತಪ್ಪಿಸಬೇಡ! ದುಂಡಗಾದದ್ದನ್ನ ಕೆರೆಗೆ ಬಿಡು, ಮತ್ತೆ ಎತ್ತಬೇಡ!"

"ಆಗಲವ್ವಾ!"

ಹಾಗೇ ಮಾಡಿದ. ಹನ್ನೆರಡೇ ದಿನ, ಮರಿಗಳು ಮೈ ತುಂಬಿಕೊಂಡವು!

ಪಟೇಲ ಊರವರೊಂದಿಗೆ ಬಂದ. ಹೊಂಡಕ್ಕೆ ಬಗ್ಗಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡ. "ಇದೂ ಒಂದು ದುಂಡೇ? ಸಾಲದು! ಕೆರೆ ನಂದು!"

ಸಿಂಗ ಪಟೇಲನ ಹೊಟ್ಟೆ ನೋಡಿದ. ಊರಲ್ಲಿ ಇದಕ್ಕಿಂತ ದುಂಡು ಇನ್ನೊಂದಿಲ್ಲ! ಎರಡೂ ಕೈಯಲ್ಲಿ ಎತ್ತಿದ, ಕೆರೆಗೆ ಬಿಟ್ಟ. ದುಡುಂ!

"ಎತ್ರೋ! ಕೆರೆ ನಿಮ್ಮದೇ! ಊರೆಲ್ಲ ಕೇಳ್ರಪ್ಪಾ, ಬೆಸ್ತರದ್ದೇ! ಎತ್ರೋ!"

"ಎತ್ತಬಾರದು ಪಟೇಲ್ರೇ, ಅವ್ವ ಹೇಳವ್ಳೆ!"

ಊರವರು ಹಗ್ಗ ಎಸೆದರು. ಗಂಗವ್ವ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಳು. ಸಿಂಗ ಆ ಪಕ್ಕೆ ನೋಡಿದ. ಎಲುಬು ಎಣಿಸಬಹುದು! ಕಡ್ಡಿ! ಅವ್ವನನ್ನು ಎತ್ತಿ ಹೊಂಡಕ್ಕಿಳಿಸಿದ. ಸೊಂಟದ ನೀರಲ್ಲಿ ನಿಲ್ಲಿಸಿ, ತೌಡಿನ ಚೀಲಕ್ಕೆ ಕೈ ಹಾಕಿದ.

"ಬಾಯಿ ತೆಗಿಯವ್ವಾ! ಹೊತ್ತು ತಪ್ಪಿಸಬಾರದು!"