ಕಪಿಲೆಯ ಗಂಟೆ

ಹೊಳೆಯ ದಡದ ಆಶ್ರಮದಲ್ಲಿ ಪರ್ವತಯ್ಯನವರೆಂಬ ವೃದ್ಧ ಗುರುಗಳು ಕಂಪ್ಯೂಟರಿನ ಒಳಮರ್ಮವನ್ನು ಬೋಧಿಸುತ್ತಿದ್ದರು. ಹೊನ್ನಯ್ಯ ಅವರ ಹಿರಿಯ ಶಿಷ್ಯ, ಮಂದಾಕಿನಿ ಕಿರಿಯಳು.

ಗ್ರಂಥಗಳನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮೊಂದನ್ನು ಮಂದಾಕಿನಿ ರಚಿಸಿದ್ದಳು. ಸಂಜೆಯಾದರೆ ಸುತ್ತಣ ಊರುಗಳ ಅಂಧರು ಆಶ್ರಮದ ಜಗಲಿಯಲ್ಲಿ ಕುಳಿತು ಅದರ ದನಿಗೆ ಕಿವಿಗೊಡುತ್ತಿದ್ದರು.

ಒಂದು ಸಂಜೆ ಆ ದನಿ ನಡುವೆ ಒಮ್ಮೆ ತೊದಲಿತು.

"ಮನುಷ್ಯನೂ ಒಮ್ಮೊಮ್ಮೆ ಕೆಮ್ಮುತ್ತಾನೆ" ಎಂದರು ಗುರುಗಳು.

ಹೊನ್ನಯ್ಯನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಯಂತ್ರದ ತಿರುಳಾದ ಕರ್ನಲ್‌ನೊಳಗೆ ಅವನೊಂದು ಪ್ರೋಬ್ ನೆಟ್ಟ. ಅಲ್ಲಿ ನಡೆಯುವುದನ್ನೆಲ್ಲ ಕಂಡು ಸುದ್ದಿ ಮುಟ್ಟಿಸುವ ಗೂಢಚಾರ ಅದು. ಲೋಕದ ಸುದ್ದಿಯೆಲ್ಲ ತನಗೇಕೆಂದು ಅದಕ್ಕೊಂದು ಜರಡಿಯನ್ನೂ ಕಟ್ಟಿದ. ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಯಂತ್ರವು ಒಂದು ಸಂಖ್ಯೆಯನ್ನು ಕೊಡುತ್ತದೆಯಷ್ಟೆ. ಮಂದಾಕಿನಿಯ ಪ್ರೋಗ್ರಾಮಿನ ಸಂಖ್ಯೆಯನ್ನು ಹೊತ್ತದ್ದು ಮಾತ್ರ ಉಳಿಯಲಿ, ಮಿಕ್ಕದ್ದು ಉದುರಿಹೋಗಲಿ ಎಂಬುದು ಅವನ ಎಣಿಕೆ.

ಮರುಸಂಜೆ ತೊದಲು ಕಡಿಮೆಯಾಗುವುದಿರಲಿ, ಮಾತುಮಾತಿಗೂ ದನಿ ಮುಗ್ಗರಿಸತೊಡಗಿತು. ನೋಡಿದರೆ ಜರಡಿಯ ತುಂಬ ಅದೇ ಸಂಖ್ಯೆ.

"ಯಂತ್ರದ ಉಸಿರನ್ನೆಲ್ಲ ನಿನ್ನ ಪ್ರೋಗ್ರಾಮೇ ಹೀರುತ್ತಿದೆ" ಎಂದ ಹೊನ್ನಯ್ಯ, ಪರದೆಯಿಂದ ಕಣ್ಣೆತ್ತದೆ.

"ಮತ್ತೆ ಮತ್ತೆ ನೋಡಿದೆ, ಅಣ್ಣಾ. ನನಗೆ ತಪ್ಪು ಕಾಣಲಿಲ್ಲ."

"ಕಾಣದವರು ಜಗಲಿಯಲ್ಲಿ ಕುಳಿತಿದ್ದಾರೆ. ನೀನೂ ಹೋಗಿ ಅವರೊಡನೆ ಕೂರು."

ಆ ರಾತ್ರಿಯೇ ಅವಳು, ಬೆಳಗಿನ ಹರಿಗೋಲಿನಲ್ಲಿ ಹೊಳೆ ದಾಟಿ, ಮತ್ತೆ ಬಾರದಂತೆ ಊರಿಗೆ ಹೊರಟುಹೋಗುವುದೆಂದು ಬಟ್ಟೆಯ ಗಂಟು ಕಟ್ಟಿದಳು.

ಬೆಳಗಾಯಿತು. ಹೊಳೆ ಯಾವುದು, ದಡ ಯಾವುದು ಎಂದು ತಿಳಿಯದಷ್ಟು ಮಂಜು.

ಪರ್ವತಯ್ಯನವರು ಹೊನ್ನಯ್ಯನನ್ನು ಕರೆದರು. "ಕಪಿಲೆ ಕೊಟ್ಟಿಗೆಯಲ್ಲಿಲ್ಲ. ಹುಡುಕಿ ಕರೆದುಕೊಂಡು ಬಾ."

"ಈ ಮಂಜಿನಲ್ಲಿ ಹಸುವನ್ನು ಹೇಗೆ ಗುರುತಿಸಲಿ, ಗುರುಗಳೇ?"

"ಅವಳ ಕೊರಳ ಗಂಟೆಯ ದನಿ ನಿನಗೆ ಗೊತ್ತಲ್ಲ."

"ಗೊತ್ತು. ಅದೊಂದಿದ್ದರೆ ಸಾಕು."

"ಸಾಕೇನು?" ಎಂದು ನಕ್ಕು, ಹಸಿಹುಲ್ಲು ತುಂಬಿದ ಜೋಳಿಗೆಯೊಂದನ್ನು ಅವನ ಹೆಗಲಿಗೇರಿಸಿದರು. "ಹುಲ್ಲು ಕಂಡರೆ ಬರುತ್ತಾಳೆ. ಹೋಗು."

ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಗಂಟೆ ಕೇಳಿಸಿತು. ಬಲು ಹತ್ತಿರದಲ್ಲಿ. ಅವನು ನಡೆದರೆ ನುಡಿಯಿತು. ನಿಂತು ಕಿವಿಗೊಟ್ಟರೆ ಸುಮ್ಮನಾಯಿತು.

"ಎಲಾ ಕಳ್ಳಿ! ನನ್ನೊಡನೆ ಕಣ್ಣಾಮುಚ್ಚಾಲೆಯೇ?" ಎಂದು ಓಡಿದ. ಗಂಟೆಯೂ ಓಡಿತು.

ಹೊಳೆಯ ಮೆಟ್ಟಿಲ ಬಳಿ ಹಸುವೊಂದು ನಿಂತಿತ್ತು. ಯಾರೋ ಅದರ ಗಂಗೆದೊಗಲನ್ನು ಸವರುತ್ತಿದ್ದರು. ಅದರ ಕೊರಳಲ್ಲಿ ಗಂಟೆಯಿರಲಿಲ್ಲ. ಯಾರ ಹಸುವೋ ಏನೋ ಎಂದುಕೊಂಡು ಹೊನ್ನಯ್ಯ ಮುಂದೆ ಸಾಗಿದ.

ಹೊಂಗೆಯ ತೋಪನ್ನೆಲ್ಲ ಸುತ್ತಿದ. ಕೊನೆಗೆ ಬಸವಳಿದು ಬಂಡೆಯೊಂದರ ಮೇಲೆ ಕುಳಿತು, ಜೋಳಿಗೆಯನ್ನು ಪಕ್ಕಕ್ಕೆ ಎಸೆದ.

ಜೋಳಿಗೆ ಘಣಿಲೆಂದಿತು.

ಹುಲ್ಲಿನೊಳಗೆ ಕೈಯಿಟ್ಟ. ತಣ್ಣಗಿನ ಕಂಚು ಬೆರಳಿಗೆ ತಗುಲಿತು.

ಆ ಗಂಟೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದವನು, ಥಟ್ಟನೆ ಎದ್ದು ಯಂತ್ರದ ಕೋಣೆಗೆ ಓಡಿದ. ಆ ಸಂಖ್ಯೆ ಈಗ ಯಾರದು ಎಂದು ಮೊದಲ ಬಾರಿಗೆ ಕೇಳಿದ.

ಮಂದಾಕಿನಿಯ ಪ್ರೋಗ್ರಾಮು ಪ್ರೋಬ್ ನೆಟ್ಟ ದಿನವೇ ಓದು ಮುಗಿಸಿ ನಿಂತಿತ್ತು. ಮರುದಿನ ಎದ್ದಾಗ ಅದಕ್ಕೆ ಬೇರೆಯೇ ಸಂಖ್ಯೆ. ಬಿಟ್ಟುಹೋದ ಹಳೆಯ ಸಂಖ್ಯೆ ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿತ್ತು. ಪ್ರೋಬ್ ತಂದ ಸುದ್ದಿಯನ್ನು ಬರೆದಿಡಲೆಂದು ಹೊನ್ನಯ್ಯನೇ ಓಡಿಸಿದ್ದ ಪ್ರೋಗ್ರಾಮಿಗೆ ಅದು ಸಂದಿತ್ತು. ಆ ಪ್ರೋಗ್ರಾಮು ಬರೆದದ್ದೇ ಪ್ರೋಬಿಗೆ ಒಂದು ಸುದ್ದಿ. ಆ ಸುದ್ದಿಯನ್ನು ಬರೆದದ್ದು ಮತ್ತೊಂದು ಸುದ್ದಿ. ಯಂತ್ರ ತೊದಲದೆ ಏನು ಮಾಡೀತು?

ಪ್ರೋಬನ್ನು ಕಿತ್ತುಹಾಕಿ ಅವನು ಹೊಳೆಗೆ ಓಡಿದ.

ಮಂದಾಕಿನಿಯ ಒಂದು ಕಾಲು ಹರಿಗೋಲಿನಲ್ಲಿತ್ತು. ಗಂಟೆಯಿಲ್ಲದ ಕಪಿಲೆ ಬೀಳ್ಕೊಡಲು ಬಂದವಳಂತೆ ಮೆಟ್ಟಿಲ ಮೇಲೆ ನಿಂತಿದ್ದಳು.

"ಇಳಿ, ತಂಗೀ."

"ಇನ್ನೇನು ತಪ್ಪು ಸಿಕ್ಕಿತು, ಅಣ್ಣಾ?"

"ಉಸಿರು ಹೀರಿದವನು ನಾನು. ಕಾಣದವನೂ ನಾನೇ."

ಅವಳು ಅವನನ್ನೇ ನೋಡಿದಳು. ಅವನ ಹೆಗಲ ತುಂಬ ಹುಲ್ಲು, ಕೈಯಲ್ಲಿ ಹಸುವಿನ ಗಂಟೆ.

"ಬರುವುದೋ ಇಳಿಯುವುದೋ ಒಂದು ಮಾಡು, ತಾಯೀ" ಎಂದ ಅಂಬಿಗ. "ನನ್ನ ಹರಿಗೋಲು ಬುಗುರಿಯಾಗುತ್ತಿದೆ."

"ಹಾಗಾದರೆ ಇವತ್ತು ಸಂಜೆ ನೀವು ಜಗಲಿಯಲ್ಲಿ ಕೂರುತ್ತೀರೋ?" ಎಂದು ಕೇಳಿದಳು ಮಂದಾಕಿನಿ.

"ಕೂರುತ್ತೇನೆ. ನೀನು ಇದ್ದರೆ."

ಅವಳು ಕಾಲನ್ನು ದಡಕ್ಕೆ ತೆಗೆದುಕೊಂಡಳು.

ಇಬ್ಬರೂ ಕಪಿಲೆಯನ್ನು ನಡೆಸಿಕೊಂಡು ಬಂದರು. ಪರ್ವತಯ್ಯನವರು ಕೊಟ್ಟಿಗೆಯ ಬಾಗಿಲಲ್ಲೇ ಕುಳಿತಿದ್ದರು. ಹೊನ್ನಯ್ಯ ತಲೆ ತಗ್ಗಿಸಿ ಗಂಟೆಯನ್ನು ಅವರ ಪಾದದ ಬಳಿ ಇಟ್ಟ.

"ಇದಿನ್ನು ಬೇಡ ಅಲ್ಲವೇ, ಗುರುಗಳೇ?"

ಗುರುಗಳು ಗಂಟೆಯನ್ನೆತ್ತಿ, ಅಂಟಿದ್ದ ಹುಲ್ಲನ್ನು ಒರೆಸಿ, ಮತ್ತೆ ಅವನ ಕೈಗೇ ಕೊಟ್ಟರು.

"ಬೇಡವೆಂದವರಾರು, ಮಗು? ಕಟ್ಟು. ಕಟ್ಟುವ ಮುನ್ನ ಒಮ್ಮೆ ಅವಳ ಮುಖ ನೋಡು."