ಕೆಂಚಿ ಕಲಿತ ಮರ್ಯಾದೆ

ಕರಿಬಂಡೆ ಕೋಟೆಯ ಮಲ್ಲರಸ ನಾಯಕರಿಗೆ ಯಾರೂ ಬೆನ್ನು ತೋರಿಸುವಂತಿರಲಿಲ್ಲ. ಆಸ್ಥಾನಕ್ಕೆ ಬಂದವರು ಹೊರಡುವಾಗ ಕೈಮುಗಿದು, ಮುಖ ಅವರ ಕಡೆಗೇ ಇಟ್ಟುಕೊಂಡು, ಏಳು ಹೆಜ್ಜೆ ಹಿಂದಕ್ಕೆ ನಡೆಯಬೇಕು. ಎಷ್ಟೋ ಜನ ಹೊಸ್ತಿಲು ಎಡವಿ ಬಿದ್ದಿದ್ದರು. ಬೀಳುವಾಗಲೂ ಯಾರೂ ಮುಖ ತಿರುಗಿಸಿರಲಿಲ್ಲ.

ಈ ಪದ್ಧತಿ ಗೊತ್ತಿಲ್ಲದೆ ಇದ್ದದ್ದು ಲಾಯಕ್ಕೆ ಹೊಸದಾಗಿ ಬಂದ ಹೆಣ್ಣುಕುದುರೆ ಕೆಂಚಿಗೆ ಮಾತ್ರ. ನಾಯಕರು ನೋಡಲು ಬಂದಾಗ ಅದು ಒಮ್ಮೆ ಅವರನ್ನು ನೋಡಿತು. ಆಮೇಲೆ ನಿಧಾನವಾಗಿ ತಿರುಗಿ, ಬಾಲದ ಕಡೆ ತೋರಿಸಿ ನಿಂತಿತು.

"ಇದೇನು ದಳವಾಯಿಗಳೇ?" ಎಂದರು ನಾಯಕರು.

ದಳವಾಯಿ ರಣಭೈರಯ್ಯ ಮೀಸೆ ತಿರುವಿದರು. "ನಾನು ಪಳಗಿಸಲಾರದ ಕುದುರೆ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ, ಬುದ್ಧಿ. ಎಂಟು ದಿನ ಕೊಡಿ. ನನ್ನ ಚಾವಟಿ ಎಲ್ಲ ಕಲಿಸುತ್ತದೆ."

ಎಂಟು ದಿನ ಚಾವಟಿ ಆಡಿತು. ಒಂಬತ್ತನೆಯ ದಿನ ನಾಯಕರು ಬಂದರು. ಕೆಂಚಿ ಈ ಸಲ ಅವರನ್ನು ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ ಬಾಲದ ಕಡೆ ತೋರಿಸಿತು.

"ಇದಕ್ಕೆ ಬುದ್ಧಿ ಬರುವುದಿಲ್ಲ," ಎಂದರು ದಳವಾಯಿಗಳು. "ಗಾರೆ ಗಾಣಕ್ಕೆ ಕಟ್ಟಿಸಿಬಿಡಿ. ಸುಣ್ಣ ಅರೆಯುತ್ತಾ ಸುತ್ತುತ್ತಿರಲಿ."

ಗಾರೆ ಗಾಣಕ್ಕೆ ಹೋದ ಎತ್ತುಗಳೇ ಎರಡು ಮಳೆಗಾಲ ಬಾಳುತ್ತಿರಲಿಲ್ಲ. ಲಾಯ ನೋಡಿಕೊಳ್ಳುವ ಫಕೀರಣ್ಣ ಕೆಂಚಿಯ ಕತ್ತಿನ ಮೇಲೆ ಕೈಯಿಟ್ಟ. ಅದನ್ನು ಕಂಡ ಚಿಕ್ಕೀರಪ್ಪ ಮುಂದೆ ಬಂದ. ಚಿಕ್ಕೀರಪ್ಪ ಆಸ್ಥಾನದಲ್ಲಿ ಜನರ ಬಿನ್ನಹಗಳನ್ನು ಓದಿ ಹೇಳುವವನು. ಒಂದೊಂದು ಮಾತನ್ನೂ ಎರಡು ಸಲ ಕೇಳಿಸಿಕೊಳ್ಳುವುದು ಅವನ ಅಭ್ಯಾಸ.

"ನನಗೂ ಎಂಟು ದಿನ ಕೊಡಿ, ಬುದ್ಧಿ."

"ನೀನು ಕುದುರೆ ಹತ್ತಿದ್ದನ್ನೇ ನಾನು ಕಂಡಿಲ್ಲ."

"ಹತ್ತುವುದಿಲ್ಲ, ಬುದ್ಧಿ. ನೆಲದ ಮೇಲೆ ನಿಂತೇ ಕಲಿಸುತ್ತೇನೆ. ಬಿದ್ದರೂ ಹೆಚ್ಚು ದೂರ ಬೀಳುವುದಿಲ್ಲ. ಒಂದು ಮಾತು ಮಾತ್ರ ಖಚಿತವಾಗಬೇಕು. ಕೆಂಚಿ ಬೆನ್ನು ತೋರಿಸಬಾರದ್ದು ಯಾರಿಗೆ?"

"ನನಗೆ."

"ದಳವಾಯಿಗಳಿಗೆ?"

ನಾಯಕರ ಹುಬ್ಬು ಗಂಟಿಕ್ಕಿತು. "ಈ ಕೋಟೆಯಲ್ಲಿ ಆ ಮರ್ಯಾದೆ ಒಬ್ಬನಿಗೇ. ಇನ್ನೊಬ್ಬರಿಗೆ ಮಾಡಿದವರು ದ್ರೋಹಿಗಳು."

"ಅಪ್ಪಣೆ," ಎಂದು ಚಿಕ್ಕೀರಪ್ಪ ಏಳು ಹೆಜ್ಜೆ ಹಿಂದಕ್ಕೆ ನಡೆದ.

ಅವನು ನೇರವಾಗಿ ಹೋದದ್ದು ಫಕೀರಣ್ಣನ ಹತ್ತಿರ. "ಫಕೀರಣ್ಣ, ನನಗೆ ಕುದುರೆಯ ಯಾವ ಕಡೆ ಮೇವು ಹಾಕಬೇಕು ಅನ್ನುವುದಷ್ಟೇ ಗೊತ್ತು. ಆ ಎಂಟು ದಿನ ಏನಾಯಿತು ಹೇಳು."

"ಅವರು ಹೊಡೆಯೋರು ಸ್ವಾಮಿ, ಇವಳು ತಿರುಗಿ ಹಿಂಗಾಲು ಎತ್ತೋಳು. ಅವರು ಹಿಂದಕ್ಕೆ ಸರಿಯೋರು. ತಿರುಗಿ ನಿಂತ್ರೆ ಮನುಷ್ಯ ಸರೀತಾನೆ ಅಂತ ಇವಳಿಗೆ ಗೊತ್ತಾಗೋಯ್ತು."

"ಹಾಗಾದರೆ ಈಗೇನು ಮಾಡೋಣ?"

"ಹೊಡೆಯೋದು ಬ್ಯಾಡ. ಬೆನ್ನು ಕೊಟ್ರೆ ನಡೆಸ್ತಾ ಇರೋದು. ಮುಖ ಕೊಟ್ಟ ತಕ್ಷಣ ಹಗ್ಗ ಸಡಿಲ ಬಿಟ್ಟು ಸುಮ್ಕೆ ನಿಲ್ಲೋದು. ಆರಾಮು ಎಲ್ಲೈತೆ ಅಂತ ಅವಳೇ ಹುಡುಕ್ಕೋತಾಳೆ."

ಮರುದಿನದಿಂದ ನಾಯಕರೇ ಲಾಯಕ್ಕೆ ಬರಬೇಕಾಯಿತು. "ಮರ್ಯಾದೆ ಬೇಕಾದದ್ದು ತಮಗೆ, ಬುದ್ಧಿ. ಹಗ್ಗ ನಾನು ಹಿಡಿದರೆ ಅದು ನನಗೆ ಬಂದುಬಿಡುತ್ತದೆ," ಎಂದ ಚಿಕ್ಕೀರಪ್ಪ. ಆ ಅಪಾಯ ನಾಯಕರಿಗೆ ಚೆನ್ನಾಗಿ ಅರ್ಥವಾಯಿತು.

ಮೊದಲ ದಿನ ಅವರು ಹಗ್ಗ ಎಳೆದರು, ಕೆಂಚಿಯೂ ಎಳೆಯಿತು. ಎರಡನೆಯ ದಿನ ಬೈದರು. ಕೆಂಚಿ ಕಿವಿ ಅಲ್ಲಾಡಿಸಿತು. ಮೂರನೆಯ ದಿನ ಬೇಸತ್ತು ಹಗ್ಗ ಸಡಿಲ ಬಿಟ್ಟು ಸುಮ್ಮನೆ ನಿಂತರು. ಕೆಂಚಿ ತಿರುಗಿ ಅವರ ಮುಖ ನೋಡಿತು. ಆಮೇಲಿನ ದಿನಗಳಲ್ಲಿ, ಫಕೀರಣ್ಣ ಹೇಳಿಕೊಟ್ಟಂತೆ, ನಾಯಕರು ಒಂದು ಹೆಜ್ಜೆ ಮುಂದಿಟ್ಟರೆ ಕೆಂಚಿ ಒಂದು ಹೆಜ್ಜೆ ಹಿಂದಿಡುತ್ತಿತ್ತು. ಅವರು ನಿಂತರೆ ನಿಲ್ಲುತ್ತಿತ್ತು. ನಾಯಕರಿಗೆ ಎಷ್ಟು ಸಂತೋಷವಾಯಿತೆಂದರೆ ಎರಡು ದಿನ ಆಸ್ಥಾನಕ್ಕೆ ಬರುವುದನ್ನೇ ಮರೆತರು.

ಗಡುವಿನ ದಿನ ಅಂಗಳದ ತುಂಬ ಜನ. ನಾಯಕರು ಹಗ್ಗ ಸಡಿಲವಾಗಿ ಹಿಡಿದು, ಕೆಂಚಿಯ ಎದುರು ನಿಂತು ಹೆಜ್ಜೆ ಮುಂದಿಟ್ಟರು. ಕೆಂಚಿ ತಲೆ ತಗ್ಗಿಸಿ, ಮುಖ ಅವರ ಕಡೆಗೇ ಇಟ್ಟುಕೊಂಡು, ಏಳು ಹೆಜ್ಜೆ ಹಿಂದಕ್ಕೆ ನಡೆಯಿತು. ಹೊಸ್ತಿಲಿಲ್ಲದ ಕಾರಣ ಎಡವಲೂ ಇಲ್ಲ.

ದಳವಾಯಿಗಳಿಗೆ ತಡೆಯಲಾಗಲಿಲ್ಲ. "ಇದೆಲ್ಲ ಹಗ್ಗದ ಕಣ್ಕಟ್ಟು. ನಾನು ನಿಂತಾಗ ಏನು ಮಾಡುತ್ತದೆ ನೋಡಿ," ಎಂದು ಚಾವಟಿ ಹಿಡಿದು ಕೆಂಚಿಯ ಮುಂದೆ ಹೋಗಿ ನಿಂತರು.

ಕೆಂಚಿ ತಿರುಗಿತು. ಒಂದು ಹಿಂಗಾಲನ್ನು ಸ್ವಲ್ಪ ಎತ್ತಿತು. ದಳವಾಯಿಗಳು ಆ ಗೊರಸಿನ ಮೇಲಿಟ್ಟ ಕಣ್ಣು ತೆಗೆಯದೆ ಒಂದು, ಎರಡು, ಮೂರು ಎಂದು ಹಿಂದೆ ಹಿಂದೆ ಸರಿಯುತ್ತಾ ಹೋಗಿ, ಕಂಬ ಬೆನ್ನಿಗೆ ತಾಗಿದಾಗ ನಿಂತರು.

"ನೋಡಿದಿರಾ ಬುದ್ಧಿ? ನನಗೆ ಬೆನ್ನು ತೋರಿಸಿತು. ಇದಕ್ಕೆ ಗಾರೆ ಗಾಣವೇ ಸರಿ."

ಫಕೀರಣ್ಣನ ಮುಖ ಬಾಡಿತು. ನಾಯಕರು ಚಿಕ್ಕೀರಪ್ಪನ ಕಡೆ ನೋಡಿದರು.

"ತೋರಿಸಲೇಬೇಕಲ್ಲ, ಬುದ್ಧಿ," ಎಂದ ಚಿಕ್ಕೀರಪ್ಪ. "ಆ ಮರ್ಯಾದೆ ಒಬ್ಬರಿಗೇ ಅಂತ ತಮ್ಮ ಅಪ್ಪಣೆ. ಕೆಂಚಿ ಅದನ್ನು ಮೀರಲಿಲ್ಲ. ಮೀರಿದವರು ಬೇರೆ."

"ಯಾರು?"

"ಈಗತಾನೆ ಒಬ್ಬರು ಕೆಂಚಿಯಿಂದ ಕಣ್ಣು ಕದಲಿಸದೆ, ಬೆನ್ನು ತೋರಿಸದೆ, ಹಿಂದಕ್ಕೆ ನಡೆದರು. ನಾನು ಎಣಿಸಿದೆ. ತಮಗಾದರೆ ಏಳೇ ಹೆಜ್ಜೆ, ಕೆಂಚಿಗೆ ಹತ್ತು."

ದ್ರೋಹದ ಮಾತು ಎಲ್ಲರಿಗೂ ನೆನಪಿತ್ತು, ದಳವಾಯಿಗಳಿಗೆ ಎಲ್ಲರಿಗಿಂತ ಚೆನ್ನಾಗಿ.

ಚಿಕ್ಕೀರಪ್ಪ ಕೈಮುಗಿದ. "ಅವರನ್ನು ಪಳಗಿಸಿದ್ದು ನಾನಲ್ಲ, ಬುದ್ಧಿ. ಅದು ಕೆಂಚಿಯ ಕೆಲಸ. ಅದಕ್ಕೂ ಎಂಟೇ ದಿನ ಹಿಡಿದದ್ದು."

ನಾಯಕರ ಮೀಸೆ ಮೊದಲು ಅದುರಿತು. ಆಮೇಲೆ ನಗುವಿಗೆ ಹೊಟ್ಟೆ ಕುಣಿಯಿತು. ಕಣ್ಣೊರೆಸಿಕೊಂಡು ಅವರು, ಕೆಂಚಿ ಬದುಕಿರುವ ತನಕ ಫಕೀರಣ್ಣನ ಕೈಯಲ್ಲೇ ಇರಲಿ ಎಂದು ಅಪ್ಪಣೆ ಮಾಡಿದರು. ದಳವಾಯಿಗಳನ್ನೂ ಕ್ಷಮಿಸಿ, ಮನೆಗೆ ಹೋಗಿ ಎಂದರು.

ಅಂಗಳದ ಒಂದು ಕಡೆ ನಾಯಕರು, ಇನ್ನೊಂದು ಕಡೆ ಕೆಂಚಿ. ಅವರಿಗೆ ಬೆನ್ನು ತೋರಿಸುವಂತಿಲ್ಲ, ಇದಕ್ಕೆ ತೋರಿಸುವ ಧೈರ್ಯವಿಲ್ಲ. ದಳವಾಯಿಗಳು ಸ್ವಲ್ಪ ಹೊತ್ತು ಯೋಚಿಸಿ, ಬಾಗಿಲ ತನಕ ಅಡ್ಡಡ್ಡವಾಗಿ ನಡೆದುಕೊಂಡು ಹೋದರು.